ಕಲಾಯಿ

ಬೆಳಗ್ಗೆ ಆರಕ್ಕೆ, ಹಲ್ಲಿಗೆ ಏನೂ ಸೋಕುವ ಮೊದಲು
ಸತುವಿನ ಮಾತ್ರೆ.
ಆಮೇಲೆ ಒಂದು ತಾಸು ರೊಟ್ಟಿಯನ್ನು ನೋಡುತ್ತ ಕೂರಬೇಕು.
ನಾನು ಕೂರುತ್ತೇನೆ. ನೀನು ಕೂರುವುದಿಲ್ಲ,
ಪಕ್ಕೆಗೆ ಒದೆಯುತ್ತೀ, ಮೂವತ್ತೊಂದು ವಾರದ ಹಸಿವಿನವ.
ಅಥವಾ ಹಸಿವಿನವಳು. ಕೇಳಿಲ್ಲ ನಾವು.

ನಿನ್ನಜ್ಜ ತಾಮ್ರ ಬಡಿಯುವವನು.
ಈ ದ್ವೀಪದ ಅರ್ಧ ಕುರಿಗಾಹಿಗಳು ಗಿಣ್ಣಿಗೆ ಹಾಲು ಕಾಯಿಸಿದ್ದು
ಇಸಿಲಿಯಲ್ಲಿ ಅವನು ಬಡಿದ ಹಂಡೆಗಳಲ್ಲಿ.
ಗಿರಾಕಿಯ ಎದುರಿಗೇ ಬೆಲೆ ಗೊತ್ತುಮಾಡಲು
ಆ ಕಸುಬಿನವರಿಗೆ ಒಂದು ಕಳ್ಳಭಾಷೆ ಇತ್ತು.
ಹೆಣ್ಣುಮಕ್ಕಳಿಗೆ ಕಲಿಸುತ್ತಿರಲಿಲ್ಲ.
ಕದ್ದು ಕೇಳಿ ಮೂರು ಮಾತು ಕಲಿತಿದ್ದೆ:
ದುಡ್ಡು, ಪೊಲೀಸು, ಸುಮ್ಮನಿರು.

ನಿನಗಿಂತ ಮುಂಚೆ ಇಬ್ಬರು.
ಒಂದು ಹತ್ತನೇ ವಾರಕ್ಕೆ, ಒಂದು ಹದಿನಾಲ್ಕಕ್ಕೆ.
ಯಾಕೆಂದು ಯಾರಿಗೂ ತಿಳಿಯಲಿಲ್ಲ.
ಗರ್ಭಕ್ಕೆ ಸ್ವಲ್ಪ ವಿಶ್ರಾಂತಿ ಇರಲಿ ಎಂದು
ಒಬ್ಬ ಡಾಕ್ಟರು ಕಾಪರ್-ಟಿ ಹಾಕಿದ.
ತಾಮ್ರದ ತಂತಿ, ನನ್ನೊಳಗೆ!
ಈಗ ನೆನೆದರೆ ನಗು ಬರುತ್ತದೆ, ಆಮೇಲೆ ಬರುವುದಿಲ್ಲ.

ಕನ್ನಡಕಕ್ಕೆಂದು ಪುಟ್ಟ ರೈಲು ಹತ್ತಿ ಕಾಲ್ಯಾರಿಗೆ ಹೋದೆ.
ಕಣ್ಣಿನವಳು ದೀಪ ಹಿಡಿದು ಬಹಳ ಹೊತ್ತು ನೋಡಿದಳು.
"ನಿನ್ನ ಕಣ್ಣಿಗೆ ಬಳೆ ತೊಡಿಸಿದ್ದು ಯಾರು?"
ಕಂದು, ಅಂಚಿಗೆ ಹಸಿರು,
ತೊಳೆಯದೆ ಬಿಟ್ಟ ಚೊಂಬಿನ ಬಾಯಿಯಂತೆ.
ರಕ್ತ, ಮೂತ್ರ, ಲಿವರಿನ ಒಂದು ಚೂರು.
ಕೊನೆಗೆ ಹೆಸರು: ವಿಲ್ಸನ್.
ಯಾವನೋ ದೂರದ ಚಿಕ್ಕಪ್ಪನ ಹೆಸರಿನ ಹಾಗೆ.

ತಾಮ್ರ ಎಂಬ ಮಾತು ಕಿವಿಗೆ ಬಿದ್ದದ್ದೇ
ಅಪ್ಪ ಸುತ್ತಿಗೆ ಕೆಳಗಿಟ್ಟ.
ಅಡುಗೆಮನೆಯ ಗೋಡೆಯಿಂದ ಒಂದೊಂದೇ ಪಾತ್ರೆ ಇಳಿಸಿ
ಗೋಣಿಗೆ ತುಂಬಿದ, ಶವ ಸಾಗಿಸುವವನಂತೆ.
ಹನ್ನೊಂದು ದಿನ ನಮ್ಮ ಬೀದಿಯಲ್ಲಿ ಸದ್ದಿಲ್ಲ.
ಬೀದಿಯವರಿಗೆ ನಿದ್ದೆ ಬರಲಿಲ್ಲ.

ಎರಡು ವರ್ಷ ಮಾತ್ರೆ ನುಂಗಿದೆ. ಬಳೆ ತೆಳುವಾಯಿತು.
ಆಮೇಲೆ ನೀನು, ಕಡ್ಡಿಯ ಮೇಲೆ ಎರಡು ಗೆರೆ.
"ಬಸುರಿಗೆ ಮಾತ್ರೆ ವಿಷ" ಎಂದಳು ಗ್ರೇಕಾ ಅತ್ತೆ.
ನಂಬಿದೆ. ಹತ್ತೊಂಬತ್ತು ದಿನದ ಮಾತ್ರೆಗಳನ್ನು
ಸಕ್ಕರೆ ಡಬ್ಬಿಯಲ್ಲಿ ಹೂತಿಟ್ಟೆ.
ಡಾಕ್ಟರ್ ಪಿರಾಸ್ ಬಯ್ಯಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.
"ವಿತಾಲಿಯಾ, ಆ ಇಬ್ಬರು ಹೋದದ್ದು
ಮಾತ್ರೆ ತಿಂದದ್ದಕ್ಕಲ್ಲ, ತಿನ್ನದಿದ್ದದ್ದಕ್ಕೆ ಇರಬೇಕು.
ಬಿಟ್ಟರೆ ನಿನ್ನ ಲಿವರ್ ಇನ್ನೊಂದು ಸಲ ಹೇಳಿ ಕೇಳಿ ಕೆಡುವುದಿಲ್ಲ."

ಅಪ್ಪ ಮೂಲೆಯ ಕುರ್ಚಿಯಲ್ಲಿದ್ದ, ಟೋಪಿ ಮೊಣಕಾಲ ಮೇಲೆ.
"ನನ್ನ ಪಾತ್ರೆ..." ಎಂದ. ಮುಂದೆ ಹೋಗಲಿಲ್ಲ.
"ಪಾತ್ರೆಯಲ್ಲ ಸ್ವಾಮಿ. ನಿಮ್ಮದೊಂದು ತಪ್ಪಕ್ಷರ,
ನಿಮ್ಮ ಹೆಂಡತಿಯದೊಂದು. ಎರಡೂ ಇವಳ ಪಾಲಿಗೆ ಬಂದವು.
ನೀವು ಬಡಗಿಯಾಗಿದ್ದರೂ ಬರುತ್ತಿದ್ದವು."
ಬಹಳ ಹೊತ್ತಾದ ಮೇಲೆ ಕೇಳಿದ:
"ಈ ಸತು ಒಳಗೆ ಹೋಗಿ ಮಾಡುವುದಾದರೂ ಏನು?"
"ಕರುಳಿನ ಗೋಡೆಗೆ ಕಾವಲು ನಿಲ್ಲುತ್ತದೆ.
ಊಟದ ತಾಮ್ರವನ್ನು ರಕ್ತಕ್ಕೆ ಬಿಡುವುದಿಲ್ಲ."
ಅಪ್ಪ ತೊಡೆ ತಟ್ಟಿಕೊಂಡ, ಆಸ್ಪತ್ರೆಯೆಲ್ಲ ತಿರುಗುವಂತೆ:
"ಅಯ್ಯೋ, ಅದು ಕಲಾಯಿ!"

ಮರುದಿನ ಬೀದಿಯಲ್ಲಿ ಸುತ್ತಿಗೆ ಸದ್ದು.

ಈಗ ದಿನಾ ಆರಕ್ಕೆ ಕಿಟಕಿ ತಟ್ಟಿ
ಆ ಕಳ್ಳಭಾಷೆಯಲ್ಲೇ ಕೇಳುತ್ತಾನೆ: ಕಲಾಯಿ ಹಾಕಿದೆಯಾ?
ನನ್ನ ನಾಲ್ಕನೇ ಮಾತು ಅದು.

ಕೇಳು ಮಗೂ, ಮುಚ್ಚಿಡುವುದಿಲ್ಲ.
ನನ್ನಿಂದ ಒಂದು ತಪ್ಪಕ್ಷರ ನಿನಗೆ ಬಂದೇ ಬರುತ್ತದೆ.
ಒಂದೇ ಆದರೆ ಏನೂ ಆಗದು, ಅಜ್ಜನಂತೆ ಎಪ್ಪತ್ತು ದಾಟುತ್ತೀ.
ಲುಸ್ಸೋರಿಯೋನ ರಕ್ತ ಪರೀಕ್ಷೆಗೆ ಹೋಗಿದೆ,
ಲಕೋಟೆ ಇನ್ನೂ ಬಂದಿಲ್ಲ.
ಮೊಲೆಹಾಲಿನ ಮಾತು ಆಮೇಲೆ ಎಂದಿದ್ದಾರೆ.
ಅಣಬೆ, ಅಕ್ರೋಟು, ಚಾಕೊಲೇಟು ನನಗಿಲ್ಲ,
ನೀನು ಬಂದು ನನ್ನ ಪಾಲನ್ನೂ ತಿನ್ನು.

ಏಳು ಹೊಡೆಯಿತು.
ಒದೆಯಬೇಡ, ರೊಟ್ಟಿ ಮುರಿಯುತ್ತಿದ್ದೇನೆ.