ಹಗ್ಗದ ಅರ್ಜಿ

ಕೋಡಿಬಾಗದ ಝೆರಾಕ್ಸ್ ಅಂಗಡಿಯಲ್ಲಿ
ಹಾಳೆಗಳಿನ್ನೂ ಬಿಸಿ ಇರುವಾಗಲೇ
ಮೊದಲ ಪುಟದ ಮೇಲೆ ಹೆಬ್ಬೆರಳಿಟ್ಟು ನಿಂತೆ,
ಯಾರೋ ಎಳೆದುಕೊಂಡು ಹೋಗುತ್ತಾರೇನೋ ಎಂಬಂತೆ.

ಒಮ್ಮೆ ಹೋಗಿತ್ತು.
ಹನ್ನೊಂದು ವರ್ಷದ ಹಿಂದೆ, ಮಾಜಾಳಿಯ ಕೆಸರಲ್ಲಿ
ಮೊಣಕಾಲುದ್ದ ನಿಂತು ನಾನು ಎಣಿಸಿದ ನೀಲಿಕಲ್ಲು
ನನ್ನ ಮಾರ್ಗದರ್ಶಕರ ಹೆಸರಲ್ಲಿ ಅಚ್ಚಾಗಿ ಬಂತು.
ಕೊನೆಗೆ ಸಣ್ಣಕ್ಷರದಲ್ಲಿ ಕೃತಜ್ಞತೆ:
ದೋಣಿಯವನಿಗೆ, ಪ್ರಯೋಗಾಲಯದ ಜವಾನನಿಗೆ,
ಕುಮಾರಿ ಎಸ್. ದುರ್ಗೇಕರಗೆ, ನೆರವಿಗಾಗಿ.
ಒಂದು ಪ್ರತಿ ನನಗೂ ಕೊಟ್ಟರು, ಸಹಿ ಹಾಕಿ.
ಪೇಡೆ ಹಂಚಿದರು. ನಾನೂ ತಿಂದೆ.
ಅದು ಈಗಲೂ ಗಂಟಲಲ್ಲಿದೆ.

ಈ ಸಲ ಹಾಗಲ್ಲ. ದಿನಚರಿಗೆ ಪುಟಸಂಖ್ಯೆ,
ಪ್ರತಿ ಪುಟಕ್ಕೂ ತಾರೀಕು, ಸಹಿ,
ಗ್ರಂಥಪಾಲಕ ವಿಠೋಬ ಶೇಟರ ಸಾಕ್ಷಿ.
ಓದದೆಯೇ ಹಾಕುತ್ತಾರೆ, ಆದರೂ ಕನ್ನಡಕ ಏರಿಸಿಕೊಂಡು.
ಕಾಲೇಜಿಗೆ ಬಂದ ಪೇಟೆಂಟಿನವರು ಹೇಳಿದ್ದರು:
ಮೊದಲು ನೋಂದಣಿ, ಆಮೇಲೆ ಮಾತು.
ಸ್ಟಾಫ್ ರೂಮಿನ ಚಹಾದ ಹೊತ್ತಿಗೆ
ಆರು ತಿಂಗಳಿಂದ ನಾನು ಬರೀ ಹವೆಯ ಬಗ್ಗೆ ಮಾತಾಡಿದ್ದೇನೆ.

ಶೋಧ: ಮುರುಗಲು ಸಿಪ್ಪೆಯ ನೀರಲ್ಲಿ
ಎರಡು ರಾತ್ರಿ ನೆನೆದ ನಾರಿನ ಹಗ್ಗ.
ನೀಲಿಕಲ್ಲಿನ ಮರಿ ಅದನ್ನು ಬೇಗ ಹಿಡಿಯುತ್ತದೆ,
ಕಾಳಿಯಲ್ಲಿ ಮಳೆನೀರು ನುಗ್ಗಿದರೂ ಬಿಡುವುದಿಲ್ಲ.
ಇಷ್ಟೇ. ಇಷ್ಟಕ್ಕೆ ಆರು ಹಂಗಾಮು.

ಅರ್ಜಿ ಕೇಳುತ್ತದೆ: ಇದು ಹೊಸತೇ?
ಇದಕ್ಕೂ ಮುಂಚೆ ಎಲ್ಲಾದರೂ, ಯಾರಿಗಾದರೂ
ತಿಳಿದಿತ್ತೇ?
ಚೆನ್ನೈಗೆ ಹೋಗುವ ಅರ್ಜಿ; ನೀಲಿಕಲ್ಲಿಗೆ ಅದರಲ್ಲಿ
ಲ್ಯಾಟಿನ್ ಹೆಸರು. ಮುರುಗಲಿಗೂ.
ಮಾಣಕು ಹರಿಕಂತ್ರಳಿಗೆ ಲ್ಯಾಟಿನ್ ಹೆಸರಿಲ್ಲ.

ಅವಳೇ ಅಂದದ್ದು, ಒಂದು ಮಧ್ಯಾಹ್ನ,
ಕತ್ತಿಮೊನೆಯಿಂದ ಚಿಪ್ಪು ಬಿಡಿಸುತ್ತ, ನನ್ನ ಕಡೆ ನೋಡದೆ:
"ನಮ್ಮ ಅಜ್ಜಿ ಹತ್ತಿಬಲೆಗೆ ಸಿಪ್ಪೆನೀರು ಕಾಸಿ ಹಾಕ್ತಿತ್ತು.
ಬಲೆ ಕೊಳೀತಿರ್ಲಿಲ್ಲ. ಆದ್ರೆ ಹಾಳು ಕಲ್ಲು ಕಚ್ಕಂತಿತ್ತು,
ಬಿಡ್ಸೂದೇ ಒಂದು ಕೆಲಸ."
ಅಜ್ಜಿಗೆ ತೊಂದರೆಯಾದದ್ದು ನನಗೆ ಶೋಧವಾಯಿತು.
ಆ ಪುಟದಲ್ಲಿ ತಾರೀಕಿದೆ, ನನ್ನ ಸಹಿಯಿದೆ.
ಅವಳ ಹೆಸರು ಅಂಚಿನಲ್ಲಿ, ಪೆನ್ಸಿಲಿನಲ್ಲಿ.

ಪೆನ್ಸಿಲು.
ಪೇಡೆಯ ರುಚಿ ಮತ್ತೆ ಬಂತು.

ಬಸ್ಸು ಹತ್ತಿ, ಸೇತುವೆ ದಾಟಿ, ಅರ್ಜಿ ಹಿಡಿದು ಹೋದೆ.
ನಿನ್ನ ಹೆಸರೂ ಹಾಕ್ತೇನೆ, ಶೋಧಕರು ಇಬ್ಬರು ಅಂತ.
ಕೇಳಿದಳು: ದುಡ್ಡು ಕಟ್ಟಬೇಕಾ? ಕೋರ್ಟು ಬತ್ತದಾ?
ರೇಶನ್ ಕಾರ್ಡಲ್ಲಿ ಮಾನಕಿ ಅಂತದೆ, ನಡೀತದಾ?
ಆಮೇಲೆ ಕೈ ತೊಳೆದು, ಸೆರಗಿಗೆ ಒರೆಸಿ:
"ನಾಳೆ ನಮ್ಮ ಕೇರೀಲಿ ಹಗ್ಗ ನೆನೆಹಾಕಿದ್ರೆ
ನೀನು ಬಂದು ತಡೀತ್ಯಾ?"

ಉತ್ತರ ಅರ್ಜಿಯಲ್ಲೇ ಎಲ್ಲೋ ಇರಬೇಕು ಅಂದೆ.
ಇರಲಿಲ್ಲ. ಅಲ್ಲೇ ಕೂತು, ಬುಟ್ಟಿ ಮಗುಚಿ ಮೇಜು ಮಾಡಿ,
ಒಂದು ಕರಾರು ಬರೆದೆ, ಕನ್ನಡದಲ್ಲಿ:
ಮಾಜಾಳಿಯ ಹಗ್ಗಕ್ಕೆ ಯಾರೂ ಕಾಸು ಕೇಳತಕ್ಕದ್ದಲ್ಲ.
ಇಬ್ಬರ ಸಹಿ. ಅವಳದು ಮೂರಕ್ಷರ, ಎಷ್ಟು ಒತ್ತಿ ಬರೆದಳೆಂದರೆ
ಹಾಳೆಯ ಬೆನ್ನಲ್ಲೂ ಬೆರಳಿಗೆ ಸಿಗುತ್ತದೆ.

ಹೊರಡುವಾಗ ಕೇಳಿದೆ, ಸುಮ್ಮನೆ ಎಂಬಂತೆ:
ನನ್ನ ಹಗ್ಗಕ್ಕಿಂತ ನಿನ್ನದಕ್ಕೇ ಮರಿ ಜಾಸ್ತಿ ಅಲ್ಲ,
ಯಾವ ಭರತಕ್ಕೆ ಇಳಿಬಿಡ್ತೀ?
ನಕ್ಕಳು. ಕತ್ತಿ ಎತ್ತಿಕೊಂಡಳು.
"ಅದನ್ನ ಸೊಸೆಗೂ ಹೇಳ್ಲಿಲ್ಲ."

ಬಸ್ಸಿನಲ್ಲಿ ದಿನಚರಿ ಬಿಚ್ಚಿ
ಪುಟ ನಲವತ್ತೊಂದರ ಪೆನ್ಸಿಲಿನ ಮೇಲೆ
ಶಾಯಿ ತಿದ್ದುತ್ತ ಬಂದೆ.
ಸೇತುವೆಯ ಮೇಲೆ ಗಾಡಿ ಕುಲುಕಿ
ಕೊಂಬೊಂದು ಅಂಚು ದಾಟಿತು.
ಮರುದಿನ ಶೇಟರು ಆ ತಿದ್ದಿಗೂ ಸಾಕ್ಷಿ ಹಾಕಬೇಕಿತ್ತು.
ಕನ್ನಡಕ ಏರಿಸಿದರು. ಮೊದಲ ಸಲ
ಓದಿದರು.
"ಯಾರಿದು?" ಎಂದರು.