ಗೊಂಬೆಯ ಜೇಬು

ಇಪ್ಪತ್ತೆರಡು ವರ್ಷದಿಂದ ಮರಳು ಹುರಿಯುವವನು ನಾನು.
ಅಕ್ಕಿ ಹುರಿಯುವವನು ಅನ್ನಬೇಕು, ಆದರೆ
ಅಕ್ಕಿ ಮಂಡಕ್ಕಿಯಾಗಿ ಚೀಲ ಸೇರಿ ಹೊರಟುಹೋಗುತ್ತದೆ,
ಬಾಣಲೆಯಲ್ಲಿ ನನ್ನೊಂದಿಗೆ ಉಳಿಯುವುದು ಮರಳೇ.
ಅಂಗೈ ಮೇಲೆ ಹಿಡಿದು ಅದರ ಕಾವು ಹೇಳಬಲ್ಲೆ.
ಕೇಕಿನ ಕಾವು ಮಾತ್ರ
ದಾವಣಗೆರೆಯ ಯಾವ ಭಟ್ಟಿಯಲ್ಲೂ ಯಾರೂ ಕಲಿಸಲಿಲ್ಲ.

"ಅಂಗಡೀದು ಬ್ಯಾಡ" ಅಂದಿದ್ದಳು ಮೋನಿಷಾ.
"ಅಲ್ಲಿ ಎಲ್ಲಾರ ಹೆಸ್ರೂ ಒಂದೇ ತರ ಬರೀತಾರೆ."

ಎದುರುಮನೆಯ ಶಮೀಮ್ ಬಾನು
ದಾರ ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದರು:
ಮೊಟ್ಟೆ ಬ್ಯಾಡಾಂದ್ರೆ ಮೊಸರು ಹಾಕಿ, ಸೋಡಾ ಚಿಟಿಕೆಯಷ್ಟು,
ಕುಕ್ಕರಿನ ಗ್ಯಾಸ್ಕೆಟ್ ತೆಗೀರಿ, ವಿಷಲ್ ತೆಗೀರಿ,
ತಳಕ್ಕೆ ಉಪ್ಪು, ಇಲ್ಲಾಂದ್ರೆ ಮರಳು.
ಮರಳಾ? ಅಂದೆ.
ಹೂಂ, ಮರಳು. ಯಾಕೆ, ನಿಮ್ಮತ್ರ ಇಲ್ವಾ?

ಮಾಲೀಕರನ್ನು ಕೇಳಿ ಒಂದು ಸೇರು ತಂದೆ.
ಮೂರು ಸಲ ಜರಡಿ ಹಿಡಿದೆ, ನಾಲ್ಕು ಸಲ ತೊಳೆದೆ.
ನೀರು ಕೊನೆಗೂ ಕಪ್ಪಗೇ ಬಂತು.
ನನ್ನ ಉಗುರೂ ಹಾಗೆಯೇ,
ತೊಳೆದದ್ದು ಸಾಕೋ ಬೇಕೋ ತಿಳಿಯದೆ
ಬೆಣ್ಣೆ ಸಕ್ಕರೆಯನ್ನು ಚಮಚದಲ್ಲೇ ನಾದಿದೆ.

ಗೊಂಬೆ ಆಗಿದ್ದು ಅದರ ಹಿಂದಿನ ರಾತ್ರಿಗಳಲ್ಲಿ.
ನನ್ನದೇ ನೀಲಿ ಚೌಕಳಿ ಅಂಗಿ, ಕಿಡಿ ಸಿಡಿದು
ತೋಳೆಲ್ಲ ತೂತು, ಬೆನ್ನು ಮಾತ್ರ ಗಟ್ಟಿ.
ತಲೆಗೆ, ಗಿರಣಿ ಬಾಗಿಲು ಹಾಕಿದ ವರ್ಷ
ಅವ್ವ ಮಾಡಿಸಿದ ದಿಂಬಿನ ಹತ್ತಿ.
ಒಂದು ಕಣ್ಣು ಅಂಗಿಯ ಗುಂಡಿ, ಇನ್ನೊಂದು ಬಾನು ಕೊಟ್ಟದ್ದು,
ಆದ್ದರಿಂದ ಅದು ಸದಾ ಸ್ವಲ್ಪ ಅನುಮಾನದಿಂದ ನೋಡುತ್ತದೆ.
ಜೇಬು ಬಿಚ್ಚಲು ಹೋದೆ, ಬಟ್ಟೆ ಹರಿಯುವಂತಾಯಿತು, ಬಿಟ್ಟೆ.
ಹೊಟ್ಟೆಯಷ್ಟೇ ಅಗಲದ ಜೇಬು, ಪಾಪ, ಅಷ್ಟು ಸಣ್ಣ ಗೊಂಬೆಗೆ.

ಕೊಟ್ರಮ್ಮ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ
ಅವಧಿ ಮೀರಿದ, ಯಾರಿಗೂ ಹಚ್ಚದ ಸಲೈನ್ ನಳಿಕೆಯಿಂದ
ಮೀನು ಹೆಣೆದಳು.
ಒಂಬತ್ತನೇ ಬೆಡ್ಡಿನ ಅಜ್ಜಿ ಬಾಲ ಹೇಳಿಕೊಟ್ಟಿತಂತೆ.
ಬೆಳಗ್ಗೆ ಹೋಗಿ ನೋಡಿದರೆ ಬೆಡ್ಡು ಖಾಲಿ.
ಮನೆಗೆ ಕಳಿಸಿದರು ಅಂತ ನರ್ಸು ಹೇಳಿದಳು,
ಇವಳು ಮತ್ತೆ ಕೇಳಲಿಲ್ಲ.

ನನ್ನ ಹುಟ್ಟಿದ ದಿನ ಮೇಷ್ಟ್ರು ಬರೆದದ್ದು, ಜೂನ್ ಒಂದು.
ನಮ್ಮ ಓಣಿಯ ಹನ್ನೊಂದು ಹುಡುಗರೂ ಅಂದೇ ಹುಟ್ಟಿದೆವು.
ಮೋನಿಷಾಳದು ನಿಮಿಷದ ಸಮೇತ ಗೊತ್ತು:
ಬೆಳಗಿನ ಜಾವ ನಾಲ್ಕು ಹದಿನೇಳು,
ಭಟ್ಟಿಗೆ ಬೆಂಕಿ ಹಾಕುವ ಹೊತ್ತು.
ಅವತ್ತು ನನ್ನ ಒಲೆ ಬೇರೆಯವರು ಹಚ್ಚಿದರು.

ಮುಚ್ಚಳ ತೆಗೆದೆ. ಕಸಬರಿಗೆಯ ಹೊಸ ಕಡ್ಡಿ ಚುಚ್ಚಿದೆ,
ಅಂಟದೆ ಬಂತು.
ಆದರೆ ಒಲೆ ವಾಲಿದ ಕಡೆಗೆ ಕೇಕೂ ವಾಲಿತ್ತು,
ಪಶ್ಚಿಮಕ್ಕೆ ದಿಬ್ಬ, ಪೂರ್ವಕ್ಕೆ ತಗ್ಗು.
ತಗ್ಗಿಗೆ ಬೆಣ್ಣೆ ಮೆತ್ತಿದೆವು.
ಹಾಲಿನ ಕವರಿನ ಮೂಲೆ ಕತ್ತರಿಸಿ ಹೆಸರು ಬರೆದೆ:
ಮೋ ದೊಡ್ಡದಾಯಿತು, ನಿ ಸರಿಯಾಯಿತು,
ಷಾ ಜಾಗ ಸಾಲದೆ ಕೆಳಗಿಳಿದು ತಟ್ಟೆಯ ಮೇಲೆ ಕೂತಿತು.

ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿಯನ್ನೇ
ಆರು ತುಂಡು ಮಾಡಿ ಚುಚ್ಚಿದ್ದೆವು.
ಅವಳು ಊದಿದಳು, ನಾಲ್ಕು ಆರಿದವು.
ಉಳಿದೆರಡನ್ನು ಬಾನು ಅವರ ಮಗ
ಯಾರೂ ಕೇಳದಿದ್ದರೂ ಊದಿಬಿಟ್ಟ. ಜಗಳವಾಯಿತು.
ಮತ್ತೆ ಹಚ್ಚಿದೆವು.

ಮೊದಲ ತುಂಡು ಬಾಯಲ್ಲಿಟ್ಟವಳ ಹಲ್ಲಡಿಯಲ್ಲಿ
ಕರಕ್.
ಕೊಟ್ರಮ್ಮ ನನ್ನನ್ನು ನೋಡಿದಳು, ನಾನು ಗೋಡೆಯನ್ನು.
ಮೋನಿಷಾ ನಾಲಿಗೆಯಿಂದ ಬೆರಳ ತುದಿಗೆ ತೆಗೆದು
ಬಲ್ಬಿನ ಬೆಳಕಿಗೆ ಹಿಡಿದಳು.
"ಸಕ್ರೀನಾ ಇದು?"
"ಅಲ್ಲ ಕಣವ್ವ. ಮರಳು."
"ನಿನ್ ಭಟ್ಟೀದಾ?"
"ಹೂಂ."

ಉಗುಳಲಿಲ್ಲ, ಎಸೆಯಲಿಲ್ಲ.
ಅನುಮಾನದ ಕಣ್ಣಿನ ಗೊಂಬೆಯನ್ನು ಎಳೆದುಕೊಂಡು
ಆ ಅಗಲ ಜೇಬಿನೊಳಗೆ ಬೆರಳು ಇಳಿಸಿ, ಒರೆಸಿ,
ಮೇಲಿಂದ ಒಮ್ಮೆ ತಟ್ಟಿದಳು.

ಆಮೇಲೆ ತಟ್ಟೆ ಮೇಲಿನ ಷಾ ಯಾರಿಗೆ ಅಂತ ಕೇಳಿದಳು.