ಹ್ರಸ್ವ

ಬೋರ್ಡಿನ ಮ್ಯಾಲ ಬರದೆ: ಕೊಡ.
ಬಗಲಿಗೇ ಬರದೆ: ಕೋಡು.
ಒಂದರಾಗ ನೀರು, ಇನ್ನೊಂದು ಎಮ್ಮೀ ತಲೀ ಮ್ಯಾಲ, ಅಂದೆ.
ಇಷ್ಟ ನೋಡ್ರಿ ಫರಕು.

ಮೂರನೇ ಸಾಲಿನ ಸಾರಿಕಾ ಬಂಡಗರ
ಎದ್ದು ನಿಂತು ಓದಿದಳು, ಎರಡೂ ಉದ್ದ.
"ಅವ್ವ ಕೋಡ ತುಂಬತಾಳ."
ವರ್ಗವೆಲ್ಲ ನಕ್ಕಿತು.
ನಾನೂ,
ಬಾಯಿಗೆ ಸೆರಗು ಹಿಡಕೊಂಡು, ಆದರೂ ನಕ್ಕೆ.

ಅವಳ ಮನಿಯೊಳಗ ಎಕಾರಕ್ಕ ಒಂದೇ ಅಳತಿ,
ಒಕಾರಕ್ಕ ಒಂದೇ.
ಕುರಿ ಹಿಂದ ನಡದು ಬಂದ ಮರಾಠಿ ಅದು,
ಗಿಡ್ಡ ಒ ಅದಕ್ಕ ಎಂದೂ ಬೇಕಾಗಿಲ್ಲ.
ಕಿವಿ ಕೇಳದ್ದನ್ನ ನಾಲಿಗಿ ಎಲ್ಲಿಂದ ತರಬೇಕು?
ಇದನ್ನ ನಾನು ಪುಸ್ತಕದಾಗ ಓದಿದ್ದೆ, ಪರೀಕ್ಷಾದಾಗ ಬರದಿದ್ದೆ.
ಹತ್ತಕ್ಕ ಎಂಟು ಮಾರ್ಕು.

ದೀಪಾವಳಿಯಿಂದ ಸಂಕ್ರಾಂತಿತನಕ
ಹಾಜರಿಗೂ ಬರೇ ಕೈ ಎತ್ತಿದಳು ಆ ಹುಡುಗಿ.

ಸೋಲಾಪುರ ನೆನಪಾಗತದ.
ಡಿ.ಎಡ್. ಮೊದಲ ದಿನ, ಬಸ್ಸು ತಡಾ ಆಗಿ, ಬಾಗಿಲದಾಗ ನಿಂತು
"ಮೀ ಆಲೋ, ಸರ್" ಅಂದಿದ್ದೆ.
ಹೆಣ್ಣು ಆಲೇ ಅನ್ನಬೇಕಂತ, ಆಲೋ ಅಂದ್ರ ಗಂಡಂತ.
ಮೀಸಿ ಎಲ್ಲಿ ಬಿಟ್ಟು ಬಂದಿ ಅಂದ್ರು ಅವರು.
ನಾಗಣಸೂರಿನ ನಮ್ಮ ಮನಿಯೊಳಗ
ಅಪ್ಪ ಬಂದ್ರೂ ಬಂದೆ, ಅವ್ವ ಬಂದ್ರೂ ಬಂದೆ.
ನಾನು ಅಂದಮ್ಯಾಲ
ಹೆಣ್ಣೋ ಗಂಡೋ ಅಂತ ತಿರುಗಿ ಕೇಳೂದಿಲ್ಲ ನಮ್ಮ ಕ್ರಿಯಾಪದ.
ಆ ವರ್ಷವೆಲ್ಲ ಹಿಂದಿನ ಬೆಂಚಿನ್ಯಾಗ
ನಂದೂ ಹೂಂ, ಊಹೂಂ.

ಬೋರ್ಡು ಒರಸಿದೆ. ಬ್ಯಾರೇನೂ ಹೊಳೀಲಿಲ್ಲ.

ಫೆಬ್ರುವರಿ. ಸಾಲಿ ಮುಂದಿನ ಬೋರಿಂಗಿಗೆ
ಎರಡು ದಿನಕ್ಕೊಮ್ಮೆ ಕರೆಂಟು.
ನೀಲಿ, ಕೆಂಪು, ಬಿರುಕಿಗೆ ಡಾಂಬರ ಮೆತ್ತಿದ ಹಳದಿ, ಸಾಲು ಹಚ್ಚಿದ್ದವು.
ಐದನೇತ್ತದ ಭೌರಮ್ಮ
ಹಳದೀನ ಕಾಲಿಲೇ ಹಿಂದಕ್ಕ ದೂಡಿದಳು.
ಖಿಡಕಿಯಿಂದ ಕೇಳಿತು:
"ಏ! ನನ್ನ ಕೊಡ ಮುಟ್ಟಬ್ಯಾಡ!"

ಗಿಡ್ಡ.
ಒಂದೇ ಮಾತ್ರೆ, ಹಲ್ಲಿಲೇ ದಾರ ಕಡದಂಗ.
ಹಿಂದೇ ಮರಾಠಿಯೊಳಗ ನಾಕು ಬೈಗಳ,
ಅವನ್ನ ಯಾರೂ ತಿದ್ದಬೇಕಾಗಿರಲಿಲ್ಲ.

ಹೊರಗ ಹೋಗಿ ಶಾಬಾಸ್ ಅನ್ನೂಣಂತ ಹೊಸ್ತಿಲತನಕ ಬಂದೆ.
ಅಂದ್ರ ಮತ್ತ ಅದು ಪಾಠ ಆಗತದ.
ಕೈಯಾಗಿನ ಸೀಮೆಸುಣ್ಣ ಬೆವರಿಗೆ ಮೆತ್ತಗಾಗಿತ್ತು.

ನೀರು ಬಂತು.
ಕೊಡ ತುಂಬೂ ಸಪ್ಪಳ
ತಳದಾಗ ದಪ್ಪ, ಕಂಠಕ್ಕ ಬಂದಂಗ ತೆಳ್ಳಗ.
ತುಂಬಿ ಚೆಲ್ಲಿದರೂ ಸಾರಿಕಾ
ಇನ್ನೂ ಬೈತಾನೇ ಇದ್ದಳು.